ಗಂಧದ ಸೋಪು, ಹೈಫಾ ಬಂದರು ಮತ್ತು 1914ರ ರೈಲ್ವೆ ಟೈಂಟೇಬಲ್

ನಮ್ಮ ಬಚ್ಚಲುಮನೆಯ ಮೈಸೂರು ಸ್ಯಾಂಡಲ್ ಸೋಪು ಒಂದು ಮಹಾಯುದ್ಧದ ಕೂಸು. ತಮಾಷೆ ಅಲ್ಲ, ನಿಜ. 1914ಕ್ಕೆ ಮೊದಲು ಮೈಸೂರು ಸಂಸ್ಥಾನ ತನ್ನ ಗಂಧದ ಮರವನ್ನು ಹರಾಜು ಹಾಕುತ್ತಿತ್ತು. ಕೊಂಡವರು ಹಡಗು ಹತ್ತಿಸುತ್ತಿದ್ದರು. ಅದರಲ್ಲಿ ಬಹುಪಾಲು ಹೋಗಿ ಸೇರುತ್ತಿದ್ದದ್ದು ಜರ್ಮನಿಗೆ, ಎಣ್ಣೆ ತೆಗೆಯುತ್ತಿದ್ದದ್ದೂ ಅಲ್ಲೇ. ನಮಗೆ ಮರದ ದುಡ್ಡು, ಅವರಿಗೆ ಎಣ್ಣೆಯ ದುಡ್ಡು. ಆಗಸ್ಟ್ 1914ರಲ್ಲಿ ಬ್ರಿಟನ್ನಿಗೂ ಜರ್ಮನಿಗೂ ಯುದ್ಧ ಶುರುವಾಯಿತು ನೋಡಿ, ಆ ದಾರಿ ಬಂದ್. ಬ್ರಿಟಿಷರ ಕೈಕೆಳಗಿದ್ದ ಮೈಸೂರಿಗೂ ಜರ್ಮನಿ ಶತ್ರು. ಕೊರಡುಗಳೆಲ್ಲ ಇಲ್ಲೇ ಉಳಿದವು.

ಮಾರುವುದಕ್ಕೆ ಆಗಲ್ಲ ಅಂದ ಮೇಲೆ ಎಣ್ಣೆಯನ್ನು ನಾವೇ ತೆಗೆದರೆ ಹೇಗೆ ಅನ್ನುವ ಯೋಚನೆ ಬಂತು. ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನ್ ವಿಶ್ವೇಶ್ವರಯ್ಯ, ಕೈಗಾರಿಕೆ ಇಲಾಖೆ ನೋಡಿಕೊಳ್ಳುತ್ತಿದ್ದ ಆಲ್ಫ್ರೆಡ್ ಚಾಟರ್ಟನ್, ಜೊತೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನಶಾಸ್ತ್ರದವರು, ಎಲ್ಲ ಸೇರಿ 1916ರಲ್ಲಿ ಎಣ್ಣೆ ಇಳಿಸಿದರು. 1918ರಲ್ಲಿ ಸೋಪು ಬಂತು. ಸಿಂಹದ ಮೈ, ಆನೆಯ ತಲೆಯ ಆ ಶರಭ ಇವತ್ತಿಗೂ ಡಬ್ಬಿಯ ಮೇಲೆ ನಿಂತಿದೆ.

ಇದನ್ನು ಯಾಕೆ ಹೇಳಿದೆ ಅಂದರೆ, ಈಗ ಯಾವ ಚಾನೆಲ್ ಹಾಕಿದರೂ ಮೂರನೇ ಮಹಾಯುದ್ಧದ್ದೇ ಮಾತು. ಹಿಂದೆ ಸೈರನ್ ಸದ್ದು, ಮುಂದೆ ಟ್ಯಾಂಕಿನ ಗ್ರಾಫಿಕ್ಸು, ನಡುವೆ ಕಿರುಚುವ ಆ್ಯಂಕರ್. ಮೂರನೆಯದು ಬರುತ್ತೋ ಇಲ್ಲವೋ, ಮೊದಲನೆಯದು ಹೇಗೆ ಬಂತು ಅನ್ನುವುದನ್ನೇ ನಾವು ಸರಿಯಾಗಿ ನೋಡಿಲ್ಲ. ನೋಡಿದರೆ ಸ್ವಲ್ಪ ಕಸಿವಿಸಿ ಆಗುತ್ತದೆ. ಯಾಕೆಂದರೆ ಅದನ್ನು ಶುರು ಮಾಡಿದವರಲ್ಲಿ ಯಾರೂ ಹುಚ್ಚರಾಗಿರಲಿಲ್ಲ. ಎಲ್ಲರೂ ಲೆಕ್ಕ ಹಾಕಿಯೇ ಮಾಡಿದರು.

ಹೈಸ್ಕೂಲಿನಲ್ಲಿ ಇದು ಐದು ಮಾರ್ಕ್ಸಿನ ಪ್ರಶ್ನೆ. ದೂರದ ಕಾರಣಗಳು: ಸಾಮ್ರಾಜ್ಯಶಾಹಿ, ಸೈನಿಕ ಒಪ್ಪಂದ, ಉಗ್ರ ರಾಷ್ಟ್ರೀಯತೆ. ತಕ್ಷಣದ ಕಾರಣ: ಆಸ್ಟ್ರಿಯಾದ ಯುವರಾಜನ ಕೊಲೆ. ಬರೆದು ಬಂದೆವು, ಮಾರ್ಕ್ಸು ಬಂತು, ಮರೆತೆವು. ಆ ಉತ್ತರ ತಪ್ಪೇನಲ್ಲ. ಆದರೆ ಕೊಲೆಗೂ ಬ್ರಿಟನ್ ಯುದ್ಧಕ್ಕೆ ಇಳಿದದ್ದಕ್ಕೂ ನಡುವೆ 37 ದಿನ ಇತ್ತು. ಅಸಲಿ ಕಥೆ ಇರುವುದೇ ಆ 37 ದಿನದಲ್ಲಿ.

ಕೊಲೆಯ ಕಥೆ ಸಿನಿಮಾ ಇದ್ದ ಹಾಗಿದೆ. 28 ಜೂನ್ 1914, ಬೋಸ್ನಿಯಾದ ಸರಾಯೆವೊ ಊರು. ಆಸ್ಟ್ರಿಯಾ-ಹಂಗೇರಿಯ ಯುವರಾಜ ಫ್ರಾನ್ಸ್ ಫರ್ಡಿನಾಂಡ್ ಹೆಂಡತಿ ಸೋಫಿಯ ಜೊತೆ ತೆರೆದ ಕಾರಿನಲ್ಲಿ ಬಂದಿದ್ದ. ಬೆಳಿಗ್ಗೆಯೇ ಒಬ್ಬ ಬಾಂಬ್ ಎಸೆದ. ಅದು ಗುರಿ ತಪ್ಪಿ ಹಿಂದಿನ ಕಾರಿನವರಿಗೆ ಗಾಯ ಆಯಿತು. ಯುವರಾಜ ಪುರಭವನಕ್ಕೆ ಹೋಗಿ ಕಾರ್ಯಕ್ರಮ ಮುಗಿಸಿದ, ಗಾಯಗೊಂಡ ಅಧಿಕಾರಿಯನ್ನು ಆಸ್ಪತ್ರೆಯಲ್ಲಿ ನೋಡಿ ಬರೋಣ ಅಂದ. ದಾರಿ ಬದಲಾಯಿತು. ಡ್ರೈವರಿಗೆ ಮಾತ್ರ ಯಾರೂ ಹೇಳಲಿಲ್ಲ! ಅವನು ಹಳೇ ದಾರಿಗೇ ತಿರುಗಿಸಿದ, ತಪ್ಪು ದಾರಿ ಎಂದು ಕೂಗಿದ ಮೇಲೆ ನಿಲ್ಲಿಸಿದ. ಕಾರು ನಿಂತ ಜಾಗದಲ್ಲಿ, ಕೆಲವೇ ಹೆಜ್ಜೆ ಆಚೆ, 19 ವರ್ಷದ ಗವ್ರಿಲೊ ಪ್ರಿನ್ಸಿಪ್ ಪಿಸ್ತೂಲು ಇಟ್ಟುಕೊಂಡು ನಿಂತಿದ್ದ. ಎರಡು ಗುಂಡು, ಎರಡು ಸಾವು.

ಇಷ್ಟಕ್ಕೇ ಜಗತ್ತು ಹೊತ್ತಿ ಉರಿಯಿತು ಎಂದುಕೊಂಡರೆ ತಪ್ಪು. ಆ ಕಾಲದಲ್ಲಿ ರಾಜಮನೆತನದವರ ಕೊಲೆ ಅಪರೂಪವೇನಲ್ಲ. ಒಂದೆರಡು ವಾರ ಯುರೋಪು ತನ್ನ ಪಾಡಿಗೆ ಬೇಸಿಗೆ ರಜೆ ಕಳೆಯುತ್ತಿತ್ತು. ಆದರೆ ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದಲ್ಲಿ ಕೆಲವರಿಗೆ ಇದು ಒಳ್ಳೆ ಅವಕಾಶ ಅನ್ನಿಸಿತು. ಪಕ್ಕದ ಸರ್ಬಿಯಾ ತಲೆನೋವಾಗಿತ್ತು, ಗುಂಡು ಹೊಡೆದವನೂ ಸರ್ಬ್ ಜನಾಂಗದವನು. ಈ ನೆಪದಲ್ಲಿ ಅದರ ಸದ್ದು ಅಡಗಿಸಬಹುದು. ಜುಲೈ 5ರಂದು ಜರ್ಮನಿಯ ಚಕ್ರವರ್ತಿ ಎರಡನೇ ವಿಲ್ಹೆಲ್ಮ್ 'ನೀವೇನೇ ಮಾಡಿ, ನಾವು ನಿಮ್ಮ ಹಿಂದೆ ಇದ್ದೇವೆ' ಎಂದು ಭರವಸೆ ಕೊಟ್ಟ. ಇತಿಹಾಸದಲ್ಲಿ ಇದಕ್ಕೆ ಖಾಲಿ ಚೆಕ್ಕು ಅಂತಲೇ ಹೆಸರು. ಸಹಿ ಹಾಕಿಕೊಟ್ಟು ಅವನು ನಾರ್ವೆ ಕಡೆ ಹಡಗಿನಲ್ಲಿ ವಿಹಾರಕ್ಕೆ ಹೊರಟ.

ಆಮೇಲೂ ಆಸ್ಟ್ರಿಯಾ ತಡ ಮಾಡಿತು. ಕಾರಣ ಕೇಳಿದರೆ ನಗು ಬರುತ್ತದೆ. ಸೈನಿಕರಲ್ಲಿ ಬಹಳ ಜನ ರೈತರ ಮಕ್ಕಳು, ಅವರನ್ನು ಸುಗ್ಗಿಗೆ ರಜೆ ಕೊಟ್ಟು ಊರಿಗೆ ಕಳಿಸಿದ್ದರು. ಬೆಳೆ ಒಳಗೆ ಬರುವವರೆಗೆ ಯುದ್ಧ ಮಾಡುವ ಹಾಗಿಲ್ಲ. ಇನ್ನೊಂದು ಕಾರಣ, ಸರ್ಬಿಯಾದ ಬೆನ್ನಿಗೆ ರಷ್ಯಾ ಇತ್ತು, ರಷ್ಯಾದ ಮಿತ್ರದೇಶ ಫ್ರಾನ್ಸ್, ಆ ಫ್ರಾನ್ಸಿನ ಅಧ್ಯಕ್ಷ ಆಗ ರಷ್ಯಾದಲ್ಲಿ ಅತಿಥಿಯಾಗಿದ್ದ. ಎರಡು ದೇಶದವರೂ ಎದುರುಬದುರು ಕೂತು ಮಾತಾಡುವುದು ಬೇಡ ಅಂತ ಅವನ ಹಡಗು ಹೊರಡುವ ತನಕ ಕಾದು, ಜುಲೈ 23ರ ಸಂಜೆ ಸರ್ಬಿಯಾದ ಕೈಗೆ ಷರತ್ತುಗಳ ಕಾಗದ ಕೊಟ್ಟರು. 48 ಗಂಟೆ ಗಡುವು. ಸರ್ಬಿಯಾ ಹೆಚ್ಚುಕಮ್ಮಿ ಎಲ್ಲ ಷರತ್ತಿಗೂ ತಲೆಬಾಗಿತು. ವಿಹಾರ ಮುಗಿಸಿ ಬಂದ ವಿಲ್ಹೆಲ್ಮ್ ಆ ಉತ್ತರ ಓದಿ, ಇನ್ನು ಯುದ್ಧಕ್ಕೆ ಕಾರಣವೇ ಉಳಿಯಲಿಲ್ಲ ಎಂದು ಬರೆದ. ಅವನು ಹಾಗೆ ಬರೆದದ್ದು ಜುಲೈ 28ರಂದು. ಅದೇ ದಿನ ಆಸ್ಟ್ರಿಯಾ ಯುದ್ಧ ಸಾರಿತು, ಅದೂ ಟೆಲಿಗ್ರಾಂ ಮೂಲಕ.

ಇಲ್ಲಿಂದ ಮುಂದೆ ರಾಜರು, ಮಂತ್ರಿಗಳು ಎಲ್ಲ ಲೆಕ್ಕಕ್ಕಿಲ್ಲದವರಾದರು. ಲಗಾಮು ರೈಲ್ವೆ ಟೈಂಟೇಬಲ್ಲಿನ ಕೈಗೆ ಹೋಯಿತು.

ಅರ್ಥ ಮಾಡಿಕೊಳ್ಳಬೇಕಾದದ್ದು ಇದನ್ನೇ. ಆಗಿನ ಸೇನೆ ಅಂದರೆ ಲಕ್ಷಾಂತರ ಜನ, ಕುದುರೆ, ಮೇವು, ತೋಪು. ಇಷ್ಟನ್ನು ಗಡಿಗೆ ಸಾಗಿಸಲು ರೈಲು ಬಿಟ್ಟರೆ ಬೇರೆ ದಾರಿ ಇಲ್ಲ. ಯಾವ ಗಾಡಿ, ಯಾವ ಸೇತುವೆ, ಎಷ್ಟು ಹೊತ್ತಿಗೆ ಅನ್ನುವುದೆಲ್ಲ ವರ್ಷಗಟ್ಟಲೆ ಮೊದಲೇ ಬರೆದಿಟ್ಟಿರಬೇಕು. ಜರ್ಮನಿಯ ಯೋಜನೆ ಹೀಗಿತ್ತು: ರಷ್ಯಾ ದೊಡ್ಡ ದೇಶ, ಸೇನೆ ಸೇರಿಸಲು ಅದಕ್ಕೆ ವಾರಗಟ್ಟಲೆ ಬೇಕು. ಅಷ್ಟರೊಳಗೆ ಬೆಲ್ಜಿಯಂ ಮೂಲಕ ನುಗ್ಗಿ ಆರು ವಾರದಲ್ಲಿ ಫ್ರಾನ್ಸನ್ನು ಮುಗಿಸಿ, ಆಮೇಲೆ ಅದೇ ಸೇನೆಯನ್ನು ರೈಲು ಹತ್ತಿಸಿ ಪೂರ್ವಕ್ಕೆ ಒಯ್ಯುವುದು. ಕಾಗದದ ಮೇಲೆ ಅಚ್ಚುಕಟ್ಟು. ಒಂದೇ ತೊಂದರೆ ಅಂದರೆ ರಷ್ಯಾ ಸೇನೆ ಸೇರಿಸಲು ಶುರು ಮಾಡಿದ ಕೂಡಲೇ ಜರ್ಮನಿಯ ಗಡಿಯಾರ ಓಡತೊಡಗುತ್ತದೆ. ಜಗಳ ಇರುವುದು ಸರ್ಬಿಯಾದ ಬಗ್ಗೆ, ಆದರೂ ಮೊದಲು ಹೊಡೆಯಬೇಕಾದದ್ದು ಫ್ರಾನ್ಸನ್ನು, ಅದೂ ಬೆಲ್ಜಿಯಂ ತುಳಿದುಕೊಂಡು!

ರಷ್ಯಾದ ಝಾರ್ ನಿಕೊಲಾಸ್ ಮತ್ತು ಜರ್ಮನಿಯ ವಿಲ್ಹೆಲ್ಮ್ ನೆಂಟರು. ಆ ದಿನಗಳಲ್ಲಿ 'ನಿಕಿ', 'ವಿಲಿ' ಎಂದು ಸಹಿ ಹಾಕಿ ಒಬ್ಬರಿಗೊಬ್ಬರು ಟೆಲಿಗ್ರಾಂ ಕಳಿಸುತ್ತಿದ್ದರು. ಜುಲೈ 29ರ ರಾತ್ರಿ ನಿಕೊಲಾಸ್ ಪೂರ್ತಿ ಸೇನೆ ಸೇರಿಸುವ ಆದೇಶವನ್ನು ವಾಪಸ್ ತಗೊಂಡ. ಅವನ ಜನರಲ್‌ಗಳು ಬಿಡಲಿಲ್ಲ, ಅರ್ಧಕ್ಕೆ ನಿಲ್ಲಿಸಿದರೆ ಎಲ್ಲ ಕಲಸುಮೇಲೋಗರ ಆಗುತ್ತದೆ ಎಂದು ಪಟ್ಟು ಹಿಡಿದರು. 30ಕ್ಕೆ ಮತ್ತೆ ಸಹಿ ಹಾಕಿದ. ಆಗಸ್ಟ್ 1ರಂದು ಬರ್ಲಿನ್ನಿನಲ್ಲೂ ಇದೇ ನಾಟಕ. ಫ್ರಾನ್ಸ್ ಸುಮ್ಮನಿರಬಹುದು ಅನ್ನುವ ಸುಳಿವು ಸಿಕ್ಕಿ ವಿಲ್ಹೆಲ್ಮ್ ಖುಷಿಯಾಗಿ, ಹಾಗಾದರೆ ಎಲ್ಲ ಸೇನೆಯನ್ನೂ ಪೂರ್ವಕ್ಕೆ ತಿರುಗಿಸೋಣ ಅಂದ. ಸೇನಾ ಮುಖ್ಯಸ್ಥ ಮೋಲ್ಟ್‌ಕೆ ಬೆವರಿದ. ಸಾವಿರಾರು ರೈಲುಗಳ ಟೈಂಟೇಬಲ್, ಒಂದು ವರ್ಷದ ಕೆಲಸ, ಒಂದು ರಾತ್ರಿಯಲ್ಲಿ ಬದಲಾಯಿಸಲು ಸಾಧ್ಯವೇ ಇಲ್ಲ ಎಂದ. ಸ್ವಲ್ಪ ಹೊತ್ತಿಗೆ ಆ ಸುಳಿವೂ ಸುಳ್ಳು ಎಂದು ಗೊತ್ತಾಯಿತು. ಆಗಸ್ಟ್ 4ಕ್ಕೆ ಜರ್ಮನ್ನರು ಬೆಲ್ಜಿಯಂ ಒಳಗೆ ಇಳಿದರು, ಬೆಲ್ಜಿಯಂ ತಂಟೆಗೆ ಯಾರೂ ಹೋಗಬಾರದು ಎಂದು ಮಾತು ಕೊಟ್ಟಿದ್ದ ಬ್ರಿಟನ್ ಅದೇ ದಿನ ಯುದ್ಧಕ್ಕೆ ಇಳಿಯಿತು. ನಮ್ಮ ಗಂಧದ ಕೊರಡು ನಿಂತದ್ದು ಹೀಗೆ.

ಆದರೆ ಟೈಂಟೇಬಲ್ಲಿನ ಹಿಂದೆ ಇದ್ದದ್ದೇನು? ನನ್ನ ಪ್ರಕಾರ, ಭಯ. ಧೈರ್ಯ ಅಲ್ಲ, ದುರಾಸೆಯೂ ಅಷ್ಟಾಗಿ ಅಲ್ಲ. ಫ್ರಾನ್ಸಿನ ಸಾಲದಲ್ಲಿ ರಷ್ಯಾ ಜೋರಾಗಿ ರೈಲು ಹಳಿ ಹಾಕುತ್ತಿತ್ತು. 1917ರ ಹೊತ್ತಿಗೆ ಅದರ ಸೇನೆಯನ್ನು ತಡೆಯಲು ಆಗುವುದಿಲ್ಲ ಎಂದು ಜರ್ಮನ್ ಜನರಲ್‌ಗಳಿಗೆ ಅನ್ನಿಸಿತ್ತು. ಹೇಗೂ ಒಂದು ದಿನ ಆಗುವ ಯುದ್ಧ, ಈಗಲೇ ಆಗಿಬಿಡಲಿ. ಹತ್ತಾರು ಭಾಷೆ, ಜನಾಂಗದ ಆಸ್ಟ್ರಿಯಾಕ್ಕೆ ತಾನು ಒಡೆದುಹೋಗುತ್ತೇನೆ ಅನ್ನುವ ಭಯ. ರಷ್ಯಾಕ್ಕೆ ಈ ಸಲವೂ ಸರ್ಬಿಯಾದ ಕೈಬಿಟ್ಟರೆ ಮಾನ ಹೋಗುತ್ತದೆ ಅನ್ನುವ ಭಯ. ಬ್ರಿಟನ್ನಿಗೆ ಜರ್ಮನಿಯ ಹೊಸ ಯುದ್ಧನೌಕೆಗಳ ಭಯ. ಪ್ರತಿಯೊಬ್ಬನೂ ತಾನು ಆತ್ಮರಕ್ಷಣೆ ಮಾಡುತ್ತಿದ್ದೇನೆ ಎಂದೇ ನಂಬಿದ್ದ. ಹೆಚ್ಚು ತಪ್ಪು ಯಾರದ್ದು ಎಂದು ಇತಿಹಾಸಕಾರರು ಇವತ್ತಿಗೂ ಜಗಳ ಆಡುತ್ತಾರೆ. 1961ರಲ್ಲಿ ಜರ್ಮನಿಯವರೇ ಆದ ಫ್ರಿಟ್ಸ್ ಫಿಷರ್ ಬೊಟ್ಟು ಮಾಡಿದ್ದು ಜರ್ಮನಿಯ ಕಡೆಗೇ, ದೊಡ್ಡ ಗಲಾಟೆಯೇ ಆಯಿತು. ನನಗೂ ಬರ್ಲಿನ್, ವಿಯೆನ್ನಾಗಳ ಪಾಲು ಜಾಸ್ತಿ ಅನ್ನಿಸುತ್ತದೆ. ಹಾಗಂತ ಉಳಿದವರ ಕೈ ಶುದ್ಧ ಅಲ್ಲ.

ಇನ್ನೊಂದು ಮಾತು. ವ್ಯಾಪಾರ ಜಾಸ್ತಿ ಇದ್ದರೆ ಯುದ್ಧ ಆಗಲ್ಲ ಎಂದು ಈಗಲೂ ಹೇಳುತ್ತಾರಲ್ಲ, ಆಗಲೂ ಹೇಳುತ್ತಿದ್ದರು. ಬ್ರಿಟನ್ನೂ ಜರ್ಮನಿಯೂ ಒಂದಕ್ಕೊಂದು ದೊಡ್ಡ ಗಿರಾಕಿಗಳಾಗಿದ್ದವು. ಏನೂ ತಡೆಯಲಿಲ್ಲ.

ಎಲೆ ಉದುರುವುದರೊಳಗೆ ಮನೆಗೆ ಎಂದುಕೊಂಡು ಹೊರಟವರು ನಾಲ್ಕು ವರ್ಷ ಕಂದಕದಲ್ಲಿ ಕೂತರು. 1 ಜುಲೈ 1916, ಫ್ರಾನ್ಸಿನ ಸೊಮ್ ನದಿಯ ಹತ್ತಿರ ಬ್ರಿಟಿಷ್ ಸೇನೆ ಒಂದೇ ದಿನದಲ್ಲಿ 19,240 ಜನರನ್ನು ಕಳೆದುಕೊಂಡಿತು. ಒಟ್ಟು ಸತ್ತ ಸೈನಿಕರು ಸುಮಾರು 90 ಲಕ್ಷದಿಂದ ಒಂದು ಕೋಟಿ. ಈ ಲೆಕ್ಕದ ನಡುವೆ ಒಂದು ವಿಚಿತ್ರ ಇದೆ. ಸ್ಫೋಟಕಕ್ಕೆ ಬೇಕಾದ ನೈಟ್ರೇಟ್ ಜರ್ಮನಿಗೆ ದಕ್ಷಿಣ ಅಮೆರಿಕದ ಚಿಲಿಯಿಂದ ಬರುತ್ತಿತ್ತು. ಬ್ರಿಟಿಷ್ ನೌಕಾಪಡೆ ಆ ದಾರಿ ಕಟ್ಟಿತು. ಗಾಳಿಯ ಸಾರಜನಕದಿಂದ ಅಮೋನಿಯ ಮಾಡುವ ಹೇಬರ್-ಬಾಷ್ ವಿಧಾನ ಯುದ್ಧಕ್ಕೆ ಒಂದು ವರ್ಷ ಮೊದಲಷ್ಟೇ ಅಲ್ಲಿನ ಕಾರ್ಖಾನೆಗೆ ಬಂದಿತ್ತು. ಯುದ್ಧದ ಅರ್ಜೆಂಟಿಗೆ ಅದನ್ನು ದೊಡ್ಡದಾಗಿ ಬೆಳೆಸಿದರು. ಇವತ್ತು ನಮ್ಮ ರೈತರು ಸೊಸೈಟಿ ಮುಂದೆ ಸಾಲು ನಿಲ್ಲುವ ಯೂರಿಯಾ ಇದೆಯಲ್ಲ, ಅದಕ್ಕೆ ಬೇಕಾದ ಅಮೋನಿಯ ಬರುವುದು ಅದೇ ವಿಧಾನದಿಂದ. ಅದೇ ಫ್ರಿಟ್ಸ್ ಹೇಬರ್ 1915ರಲ್ಲಿ ಬೆಲ್ಜಿಯಂನ ಈಪ್ರದಲ್ಲಿ ಕ್ಲೋರಿನ್ ಗಾಳಿ ಬಿಡಿಸಿ ಜನರನ್ನು ಉಸಿರುಗಟ್ಟಿಸಿದ್ದೂ ಹೌದು.

ಭಾರತದ ಪಾಲು? 13 ಲಕ್ಷಕ್ಕೂ ಹೆಚ್ಚು ಜನ ಸೈನಿಕರಾಗಿ, ಕೂಲಿಗಳಾಗಿ ಹೋದರು. ಸುಮಾರು 74,000 ಜನ ವಾಪಸ್ ಬರಲಿಲ್ಲ. ಯುದ್ಧಕ್ಕೆ ಭಾರತದ ಹೆಸರಿನಲ್ಲಿ 10 ಕೋಟಿ ಪೌಂಡ್ 'ಉಡುಗೊರೆ' ಕೊಡಿಸಿದರು. ಉಡುಗೊರೆ ಅನ್ನುವ ಮಾತಿಗೆ ಬೇರೆ ಅರ್ಥವೂ ಇದೆ ಅಂತ ನನಗೆ ಗೊತ್ತಾದದ್ದು ಇದನ್ನು ಓದಿದ ಮೇಲೆ. ಬೆಳ್ಳಿಗೆ ಬರ ಬಂತು. ರೂಪಾಯಿ ಅಂದರೆ ಬೆಳ್ಳಿ ನಾಣ್ಯ ಎಂದಿದ್ದ ಜನರ ಕೈಗೆ 1917ರ ನವೆಂಬರಿನಲ್ಲಿ ಒಂದು ರೂಪಾಯಿಯ ನೋಟು ಬಂತು, ಐದನೇ ಜಾರ್ಜ್‌ನ ನಾಣ್ಯದ ಚಿತ್ರ ಅಚ್ಚು ಹಾಕಿದ ಕಾಗದ. ಕುಟ್ಟಿದರೆ ಟಣ್ ಅನ್ನದ ರೂಪಾಯಿಯನ್ನು ಸಂತೆಯಲ್ಲಿ ಹಿಡಿದುಕೊಂಡು ನಿಂತವರ ಮುಖ ಹೇಗಿದ್ದಿರಬೇಕು!

ಆಮೇಲೆ ಕಾಯಿಲೆ ಬಂತು. 1918ರ ಬೇಸಿಗೆಯಲ್ಲಿ ಮುಂಬೈ ಬಂದರಿಗೆ ಬಂದ ಇನ್‌ಫ್ಲುಯೆಂಜಾ ರೈಲು ಹಿಡಿದು ದೇಶವೆಲ್ಲ ಸುತ್ತಿತು. ಆ ವರ್ಷ ಮಳೆಯೂ ಕೈಕೊಟ್ಟಿತ್ತು. ಭಾರತದಲ್ಲೇ ಒಂದು ಕೋಟಿಗೂ ಹೆಚ್ಚು ಜನ ಸತ್ತರು ಎಂದು ಅಂದಾಜು. ಅಂದರೆ ಇಡೀ ಜಗತ್ತಿನ ರಣರಂಗಗಳಲ್ಲಿ ಸತ್ತ ಸೈನಿಕರಿಗಿಂತ ಜಾಸ್ತಿ, ನಮ್ಮ ಊರುಕೇರಿಗಳಲ್ಲಿ, ಮನೆಯ ಚಾಪೆ ಮೇಲೆ. ಭಾರತದ ಜನಗಣತಿಯ ಇತಿಹಾಸದಲ್ಲಿ ಜನಸಂಖ್ಯೆ ಕಡಿಮೆಯಾದ ಒಂದೇ ದಶಕ 1911ರಿಂದ 1921. ಇಷ್ಟೆಲ್ಲ ಕೊಟ್ಟ ಮೇಲೆ ಸ್ವರಾಜ್ಯದ ದಾರಿ ಸಿಗುತ್ತದೆ ಎಂದು ಕಾದವರಿಗೆ 1919ರ ಮಾರ್ಚ್‌ನಲ್ಲಿ ಸಿಕ್ಕಿದ್ದು ರೌಲತ್ ಕಾಯ್ದೆ, ಏಪ್ರಿಲ್ 13ಕ್ಕೆ ಜಲಿಯನ್‌ವಾಲಾ ಬಾಗ್.

ಈಗ ಹೈಫಾಗೆ ಬರೋಣ. 23 ಸೆಪ್ಟೆಂಬರ್ 1918. ಮೆಡಿಟರೇನಿಯನ್ ಕಡಲ ದಂಡೆಯ, ಈಗ ಇಸ್ರೇಲಿನಲ್ಲಿರುವ ಈ ಬಂದರು ಆಗ ಜರ್ಮನಿಯ ಪಕ್ಷ ಸೇರಿದ್ದ ಆಟೊಮನ್ ತುರ್ಕರ ಕೈಯಲ್ಲಿತ್ತು. ಒಂದು ಕಡೆ ಕಾರ್ಮೆಲ್ ಗುಡ್ಡ, ಇನ್ನೊಂದು ಕಡೆ ಕೀಶೋನ್ ನದಿಯ ಕೆಸರು, ನಡುವೆ ಇಕ್ಕಟ್ಟು ದಾರಿ. ಗುಡ್ಡದ ಮೇಲೆ ತೋಪು, ಮೆಷಿನ್‌ಗನ್. ಕೆಳಗೆ ಮೈಸೂರು, ಜೋಧಪುರ ಸಂಸ್ಥಾನಗಳ ಕುದುರೆ ಸವಾರರು, ಕೈಯಲ್ಲಿ ಈಟಿ. ಮೈಸೂರು ಲ್ಯಾನ್ಸರ್ಸ್‌ನ ಒಂದು ತುಕಡಿ ಗುಡ್ಡ ಹತ್ತಿ ಮೇಲಿನ ತೋಪುಗಳ ಮೇಲೆ ಬಿತ್ತು. ಜೋಧಪುರದವರು ಕೆಳಗಿನ ದಾರಿಯಲ್ಲಿ ನುಗ್ಗಿದರು. ಅವರ ನಾಯಕ ದಳಪತ್ ಸಿಂಗ್ ಅಲ್ಲೇ ಬಿದ್ದ. ಸಂಜೆಯೊಳಗೆ ಊರು ಕೈಗೆ ಬಂತು, ಸಾವಿರಕ್ಕೂ ಹೆಚ್ಚು ಜನ ಸೆರೆಯಾದರು. ಈ ಕಡೆ ಸತ್ತ ಸವಾರರು 8, ಸತ್ತ ಕುದುರೆ 60. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ, ದಿಲ್ಲಿಯ ತೀನ್ ಮೂರ್ತಿಯ ಮೂರು ವಿಗ್ರಹಗಳಲ್ಲಿ ಒಂದು ಮೈಸೂರಿನದ್ದು. 2018ರಲ್ಲಿ ಆ ಚೌಕಕ್ಕೆ ಹೈಫಾದ ಹೆಸರನ್ನೂ ಸೇರಿಸಿದರು. ಹೆಮ್ಮೆ ಪಡೋಣ, ಖಂಡಿತ. ಆದರೆ ಆ ಊರನ್ನು ಗೆದ್ದದ್ದು ಯಾರಿಗೋಸ್ಕರ ಎಂದು ಭಾಷಣಗಳಲ್ಲಿ ಯಾರೂ ಕೇಳುವುದಿಲ್ಲ.

ಹೈಫಾ ಯಾರಿಗೆ ಅನ್ನುವುದು ಎರಡು ವರ್ಷ ಮೊದಲೇ ತೀರ್ಮಾನ ಆಗಿತ್ತು. 1916ರಲ್ಲಿ ಬ್ರಿಟನ್ನಿನ ಸೈಕ್ಸ್, ಫ್ರಾನ್ಸಿನ ಪಿಕೊ ಎಂಬಿಬ್ಬರು ತುರ್ಕರ ಅರಬ್ ನಾಡನ್ನು ನಕ್ಷೆಯ ಮೇಲೆ ಗುಟ್ಟಾಗಿ ಹಂಚಿಕೊಂಡಿದ್ದರು. ಹೈಫಾ ಹತ್ತಿರದ ಏಕರ್ ಊರಿನಿಂದ ಈಗಿನ ಇರಾಕಿನ ಕಿರ್ಕುಕ್‌ವರೆಗೆ ಒಂದು ಗೆರೆ, ಮೇಲಿನದ್ದು ಫ್ರಾನ್ಸಿಗೆ, ಕೆಳಗಿನದ್ದು ಬ್ರಿಟನ್ನಿಗೆ, ಏಕರ್ ಮತ್ತು ಹೈಫಾ ಬಂದರು ಬ್ರಿಟಿಷರಿಗೆ. ಇದೇ ಬ್ರಿಟನ್ ಮೆಕ್ಕಾದ ಷರೀಫ್ ಹುಸೇನ್‌ಗೆ, ನೀವು ತುರ್ಕರ ವಿರುದ್ಧ ಎದ್ದರೆ ಅರಬ್ಬರಿಗೆ ಸ್ವಾತಂತ್ರ್ಯ ಎಂದು ಕಾಗದ ಬರೆದಿತ್ತು. 1917ರ ನವೆಂಬರ್ 2ರಂದು ವಿದೇಶಾಂಗ ಮಂತ್ರಿ ಬಾಲ್‌ಫರ್ ಪ್ಯಾಲೆಸ್ಟೈನಿನಲ್ಲಿ ಯೆಹೂದಿಗಳಿಗೆ ನೆಲೆ ಎಂದು ಇನ್ನೊಂದು ಕಾಗದ ಬರೆದ. ಇಂಗ್ಲಿಷಿನಲ್ಲಿ 67 ಪದ, ಅಷ್ಟೇ. ಒಂದೇ ಸೈಟನ್ನು ಮೂರು ಜನಕ್ಕೆ ಮಾರುವವರನ್ನು ನಾವು ಬೆಂಗಳೂರಿನಲ್ಲಿ ನೋಡಿಲ್ಲವಾ, ಹಾಗೆ. ಕುತೂಹಲದ ಸಂಗತಿ ಅಂದರೆ ಬಾಲ್‌ಫರ್ ಘೋಷಣೆಯನ್ನು ಬ್ರಿಟಿಷ್ ಸಂಪುಟದಲ್ಲಿ ಜೋರಾಗಿ ವಿರೋಧಿಸಿದವನು ಭಾರತದ ವ್ಯವಹಾರ ನೋಡುತ್ತಿದ್ದ ಮಂತ್ರಿ ಎಡ್ವಿನ್ ಮಾಂಟೆಗು. ಮಾಂಟೆಗು-ಚೆಲ್ಮ್ಸ್‌ಫರ್ಡ್ ಸುಧಾರಣೆ ಎಂದು ಓದಿದ್ದೇವಲ್ಲ, ಅದೇ ಮಾಂಟೆಗು. ಅವನು ಸ್ವತಃ ಯೆಹೂದಿ. ಗುಟ್ಟಿನ ನಕ್ಷೆಯೂ ಬಹಳ ದಿನ ಗುಟ್ಟಾಗಿ ಉಳಿಯಲಿಲ್ಲ. ರಷ್ಯಾದಲ್ಲಿ ಕ್ರಾಂತಿ ಮಾಡಿದ ಬೋಲ್ಶೆವಿಕ್‌ಗಳಿಗೆ ಝಾರ್‌ನ ಕಡತಗಳಲ್ಲಿ ಅದು ಸಿಕ್ಕಿತು, ಪೇಪರಿನಲ್ಲಿ ಹಾಕಿಬಿಟ್ಟರು.

ಆ ಗೆರೆ ಹಾಗೇ ಉಳಿಯಲಿಲ್ಲ, 1920ರ ಹೊತ್ತಿಗೆ ಸಾಕಷ್ಟು ಬದಲಾಯಿತು. ಆದರೆ ಗೆರೆ ಎಳೆಯುವ ಕೈ ಬದಲಾಗಲಿಲ್ಲ. ಇರಾಕ್, ಸಿರಿಯಾ, ಲೆಬನಾನ್, ಜೋರ್ಡಾನ್, ಪ್ಯಾಲೆಸ್ಟೈನ್ ಇವುಗಳ ಗಡಿ ಮೂಡಿದ್ದು ಈ ಹಂಚಿಕೆಯಿಂದ. 1920ರ ಒಪ್ಪಂದದಲ್ಲಿ ಕುರ್ದರಿಗೆ ತೋರಿಸಿದ ನಾಡು 1923ರ ಒಪ್ಪಂದದಲ್ಲಿ ಮಾಯ. ಈಗ ಅವರು ನಾಲ್ಕು ದೇಶಗಳಲ್ಲಿ ಹಂಚಿಹೋಗಿದ್ದಾರೆ.

ಯುರೋಪಿನ ಲೆಕ್ಕ ಗೊತ್ತಿರುವುದೇ, ಬೇಗ ಹೇಳಿ ಮುಗಿಸುತ್ತೇನೆ. ಒಡೆಯಬಾರದು ಎಂದು ಯುದ್ಧ ಮಾಡಿದ ಆಸ್ಟ್ರಿಯಾ ಒಡೆದು ಚೂರಾಯಿತು. ಮಾನ ಉಳಿಸಿಕೊಳ್ಳಲು ಹೋದ ಝಾರ್ ಕುಟುಂಬ ಸಮೇತ ಕೊಲೆಯಾದ. ವಿಲ್ಹೆಲ್ಮ್ ಹಾಲೆಂಡಿಗೆ ಓಡಿದ. ಆಟೊಮನ್ ಸಾಮ್ರಾಜ್ಯವೂ ಮುಗಿಯಿತು. ಯಾರು ಯಾವುದಕ್ಕೆ ಹೆದರಿದ್ದರೋ ಅದನ್ನೇ ಕೈಯಾರೆ ತಂದುಕೊಂಡರು. 28 ಜೂನ್ 1919ರಂದು, ಕೊಲೆ ನಡೆದು ಸರಿಯಾಗಿ ಐದು ವರ್ಷಕ್ಕೆ, ವರ್ಸಾಯ್‌ನಲ್ಲಿ ಜರ್ಮನಿ ಸಹಿ ಹಾಕಿತು. 1921ರಲ್ಲಿ 13,200 ಕೋಟಿ ಚಿನ್ನದ ಮಾರ್ಕ್ ದಂಡ ಎಂದು ನಿಗದಿಯಾಯಿತು. ಇದೇ ಹಿಟ್ಲರನನ್ನು ತಂದಿತು ಎಂದು ಸುಲಭವಾಗಿ ಹೇಳಿಬಿಡುತ್ತಾರೆ, ನಾನು ಪೂರ್ತಿ ಒಪ್ಪಲ್ಲ. 1929ರ ಆರ್ಥಿಕ ಕುಸಿತ ಇಲ್ಲದಿದ್ದರೆ ಅವನು ಮೂಲೆಯಲ್ಲೇ ಇರುತ್ತಿದ್ದನೇನೋ. ಆ ದಂಡ ಕಟ್ಟಲು ಎತ್ತಿದ ಸಾಲದ ಬಾಕಿ ಬಡ್ಡಿಯ ಕೊನೆಯ ಕಂತನ್ನು ಜರ್ಮನಿ ತೀರಿಸಿದ್ದು 2010ರ ಅಕ್ಟೋಬರ್ 3ಕ್ಕೆ. ನಮ್ಮಲ್ಲಿ ಅಷ್ಟು ಹೊತ್ತಿಗೆ ಫೇಸ್‌ಬುಕ್ ಬಂದಾಗಿತ್ತು.

ಈಗಿನ ಯುದ್ಧಗಳ ಮಾತು ಕೇಳಿ. 2022ರ ಫೆಬ್ರವರಿಯಲ್ಲಿ ಪುಟಿನ್ ಸೇನೆ ಉಕ್ರೇನಿಗೆ ನುಗ್ಗುವಾಗ ಕೊಟ್ಟ ಕಾರಣ, ನ್ಯಾಟೊ ಹತ್ತಿರ ಬರುತ್ತಿದೆ, ಈಗ ಸುಮ್ಮನಿದ್ದರೆ ಮುಂದೆ ಕಷ್ಟ. ಕೆಲವೇ ದಿನಗಳಲ್ಲಿ ಕೀವ್ ಬೀಳುತ್ತದೆ ಎಂದು ಬಹಳ ಜನ ನಂಬಿದ್ದರು. ಬೀಳಲಿಲ್ಲ. ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ದಾಳಿಗೆ ಸಿಕ್ಕಿ ಸತ್ತದ್ದು ಹಾವೇರಿ ಜಿಲ್ಲೆಯ ಒಬ್ಬ ಮೆಡಿಕಲ್ ವಿದ್ಯಾರ್ಥಿ. 2025ರ ಜೂನ್ 13ರಂದು ಇರಾನಿನ ಮೇಲೆ ಎರಗಿದ ಇಸ್ರೇಲ್ ಹೇಳಿದ್ದು ಕೂಡ ಅದೇ, ಅವರ ಕೈಗೆ ಅಣುಬಾಂಬ್ ಬರುವುದಕ್ಕೆ ಮೊದಲು ನಾವೇ ಹೊಡೆಯಬೇಕು. ಈ ಭಯ ಪೂರ್ತಿ ಸುಳ್ಳು ಎಂದು ನಾನು ಹೇಳುತ್ತಿಲ್ಲ. 1914ರಲ್ಲೂ ಪೂರ್ತಿ ಸುಳ್ಳಾಗಿರಲಿಲ್ಲ, ರಷ್ಯಾ ನಿಜವಾಗಿಯೂ ಹಳಿ ಹಾಕುತ್ತಿತ್ತು. ಒಂದು ವ್ಯತ್ಯಾಸ ಮಾತ್ರ ಇದೆ. ಆಗ ರೈಲು ಹೊರಟು ಗಡಿ ಮುಟ್ಟಲು ದಿನಗಟ್ಟಲೆ ಬೇಕಿತ್ತು, ನಿಕಿ ವಿಲಿಗೆ ಟೆಲಿಗ್ರಾಂ ಕಳಿಸುವಷ್ಟು ಹೊತ್ತಾದರೂ ಇತ್ತು. ಈಗ ಇರಾನಿನಿಂದ ಇಸ್ರೇಲಿಗೆ ಕ್ಷಿಪಣಿ ಬರಲು ನಿಮಿಷಗಳು ಸಾಕು.

ಹಾಗೆ ಬಂದ ಕ್ಷಿಪಣಿಗಳು ಜೂನ್ 15ರ ರಾತ್ರಿ ಹೈಫಾದ ತೈಲ ಸಂಸ್ಕರಣಾ ಘಟಕದ ಮೇಲೆ ಬಿದ್ದವು. ಕೆಲಸದಲ್ಲಿದ್ದ ಮೂವರು ಸತ್ತರು, ಇಡೀ ಘಟಕ ಮುಚ್ಚಿತು. ಅದು ಬ್ರಿಟಿಷರ ಆಳ್ವಿಕೆಯಲ್ಲಿ ಹುಟ್ಟಿದ ಘಟಕ. ಕಿರ್ಕುಕ್‌ನಲ್ಲಿ ಸಿಕ್ಕ ಎಣ್ಣೆಯನ್ನು ಹೈಫಾ ಬಂದರಿಗೆ ತರಲು ಅವರು 1930ರ ದಶಕದಲ್ಲಿ ಮರುಭೂಮಿಯ ಮೇಲೆ ಪೈಪು ಎಳೆದಿದ್ದರು. ಆ ಪೈಪಿನಲ್ಲಿ 1948ರಿಂದ ಎಣ್ಣೆ ಬರುತ್ತಿಲ್ಲ. ಘಟಕ ಇರುವುದು ಕೀಶೋನ್ ನದಿಯ ಬಯಲಿನಲ್ಲಿ. ಅಲ್ಲಿ ನಿಂತರೆ ಕಾರ್ಮೆಲ್ ಕಾಣುತ್ತದೆ, ಮೈಸೂರಿನ ಸವಾರರು ಕುದುರೆ ಹತ್ತಿಸಿದ ಗುಡ್ಡ.